ಚಿರತೆಯ ಕತ್ತಿನ ಗೆರೆ

ಮದುವೆ ಮನೆಗಳಲ್ಲಿ ಫ್ಲಾಶಿನ ಬ್ಯಾಟರಿ ಹೊತ್ತು ಹೊತ್ತು ನನ್ನ ಫೋಟೋ ಗುರುಗಳ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ದೇವರಾಜ ಮೊಹಲ್ಲಾದ ತಮ್ಮ ಸ್ಟುಡಿಯೋ ಬಾಗಿಲಲ್ಲಿ ನಿಂತರೆ, ಊರವರ ಪಟಗಳನ್ನೆಲ್ಲ ನೆಟ್ಟಗೆ ತೂಗುಹಾಕಿದ ಮನುಷ್ಯ ತಾವೇ ಓರೆಯಾಗಿ ತೂಗಿದ ಪಟದಂತೆ ಕಾಣುತ್ತಿದ್ದರು.

ನಾನು ಮೇಟಗಳ್ಳಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಕಬಿನಿ ಕಡೆಗೆ, ಹುಲಿ ಚಿರತೆಗಳ ಹಿಂದೆ ಓಡುವ ಹುಚ್ಚು. ತೆಗೆದ ಚಿತ್ರ ತಿದ್ದುವುದನ್ನು ಕಲಿಯಲು ಸಂಜೆ ಅವರ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಮದುವೆ ಹೆಣ್ಣುಗಳ ಮೊಡವೆ, ಮಚ್ಚೆ ಅಳಿಸುವುದರಲ್ಲಿ ಅವರದು ಎತ್ತಿದ ಕೈ. ನಾನು ಕಾಡಿನ ಚಿತ್ರ ತಂದರೆ ಮಾತ್ರ ಕೈಯಿಂದ ಮೌಸ್ ಕಿತ್ತು ಪಕ್ಕಕ್ಕಿಡುತ್ತಿದ್ದರು. ಕಾಫಿ ಕುಡಿದು ಮುಗಿಯುವ ತನಕ ಬರೀ ನೋಡಬೇಕು. ಆಮೇಲೆ ನೆರಳನ್ನು ತುಸು ತಿಳಿಯಾಗಿಸಿ, ಬಣ್ಣ ಹದ ಮಾಡಬಹುದು, ಅಷ್ಟೇ.

“ಮದ್ವೆ ಹೆಣ್ಣು ಮಚ್ಚೆ ತೆಗೀರಿ ಅಂತ ಬಾಯ್ಬಿಟ್ಟು ಕೇಳ್ತಾಳೆ. ಹುಲಿ ಬಂದು ನಿನ್ನ ಕೇಳ್ತಾ?” ಎನ್ನುತ್ತಿದ್ದರು.

ಒಮ್ಮೆ ಹುಲ್ಲಿನ ನಡುವೆ ಕೂತ ಚಿರತೆ ಸಿಕ್ಕಿತು. ಕತ್ತಿನ ಮೇಲೆ ತೆಳ್ಳಗೊಂದು ಗೆರೆ. ಅಡ್ಡಬಂದ ಹುಲ್ಲೆಸಳೆಂದುಕೊಂಡು ಮನೆಯಲ್ಲೇ ಅದನ್ನು ಅಳಿಸಿ, ಪ್ರದರ್ಶನಕ್ಕೆ ದೊಡ್ಡ ಪ್ರಿಂಟ್ ಹಾಕಿಸಲು ಬೀಗುತ್ತ ಒಯ್ದೆ. ಅವರು ತಿದ್ದದ ಮೂಲಚಿತ್ರ ಕೇಳಿದರು. ಕತ್ತನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದರು.

“ಇದು ಹುಲ್ಲಲ್ಲ ಕಣಮ್ಮ. ತುಪ್ಪಳ ಎಂಗೆ ಒಳಕ್ಕೆ ಒತ್ಕೊಂಡದೆ ನೋಡು. ಉರುಳಿನ ತಂತಿ. ಅಳಿಸ್ಬುಟ್ಟೆಯಲ್ಲಾ.”

ಅಷ್ಟರಲ್ಲಾಗಲೇ ಚಿತ್ರ ತೆಗೆದು ನಾಲ್ಕು ದಿನವಾಗಿತ್ತು. ಅವರು ಆಲ್ಬಂಗೆ ಕಾಯುತ್ತಿದ್ದ ಮದುವೆ ಮನೆಯವರನ್ನು “ನಾಳೆ ಬನ್ನಿ” ಎಂದು ಸಾಗಹಾಕಿ, ಷಟರ್ ಎಳೆದು, ನನ್ನ ಸ್ಕೂಟರಿನ ಹಿಂದೆ ಕೂತು ಅರಣ್ಯ ಇಲಾಖೆಯ ಕಚೇರಿಗೆ ಬಂದರು. ಚಿತ್ರ ತೆಗೆದ ಜಾಗವನ್ನು ವಿವರಿಸಿದೆವು. ವಾರದೊಳಗೆ ಇಲಾಖೆಯವರು ಚಿರತೆಗೆ ಅರಿವಳಿಕೆ ಕೊಟ್ಟು ತಂತಿ ಕತ್ತರಿಸಿದರು. ಸುದ್ದಿ ಹೇಳಿದಾಗ “ಸದ್ಯ” ಎಂದಷ್ಟೇ ಹೇಳಿ ಆಲ್ಬಂ ಕೆಲಸಕ್ಕೆ ಬಗ್ಗಿದರು.

ಕಳೆದ ವರ್ಷ ಅವರದೇ ಒಂದು ಚಿತ್ರ ತೆಗೆದೆ. ಕ್ಯಾಮೆರಾ ಮುಂದೆ ಕೂರುವುದೆಂದರೆ ಅವರಿಗೆ ಎಲ್ಲಿಲ್ಲದ ಸಂಕೋಚ. “ಬೇಗ ಹೊಡ್ದುಬುಡು, ಗಿರಾಕಿ ಬರೋ ಹೊತ್ತು” ಎಂದರು. ಮನೆಗೆ ಬಂದು ನೋಡಿದರೆ ಮುಖ ಹಳದಿ, ಕಣ್ಣೂ ಹಳದಿ. ಸ್ಟುಡಿಯೋದ ಹಳೇ ಬಲ್ಬಿನ ಪ್ರತಾಪ ಎಂದುಕೊಂಡು ಮುಖದ ಬಣ್ಣ ಹದ ಮಾಡಿದೆ, ಕಣ್ಣು ಬೆಳ್ಳಗಾಗಿಸಿದೆ. ಪ್ರಿಂಟ್ ಕೊಟ್ಟಾಗ “ಪರ್ವಾಗಿಲ್ವೇ, ಇನ್ನೂ ಗಟ್ಟಿಯಾಗೇ ಇದೀನಿ” ಎಂದು ನಕ್ಕರು. ಎರಡು ತಿಂಗಳ ಮೇಲೆ ಲಿವರ್ ಕಾಯಿಲೆಯೆಂದು ಆಸ್ಪತ್ರೆ ಸೇರಿದವರು ಮರಳಲಿಲ್ಲ. ತಡವಾಗಿ ಬಂದಿರಿ ಎಂದರಂತೆ ಡಾಕ್ಟರು.

ಸಂಜೆಯಾದರೆ ಈಗಲೂ ಸ್ಕೂಟರ್ ಆ ಬೀದಿಗೇ ತಿರುಗುತ್ತದೆ. ಮುಚ್ಚಿದ ಷಟರಿನ ಮುಂದೆ ಸುಮ್ಮನೆ ನಿಂತು ಬರುತ್ತೇನೆ. ಒಂದೇ ಒಂದು ಸಲ ಅವರಿಂದ ಬೈಸಿಕೊಳ್ಳಬೇಕೆಂದು ಜೀವ ಹಂಬಲಿಸುತ್ತದೆ.

ಅವರು ಹೋದ ಮೇಲೆ, ನಾನು ತೆಗೆದಿದ್ದ ಅವರ ತಿದ್ದದ ಮೂಲಚಿತ್ರವನ್ನು ತೆರೆದು, ಏನನ್ನೂ ಮುಟ್ಟದೆ ನೋಡಿದೆ. ಅದೇ ಹಳೇ ಬಲ್ಬಿನ ಬೆಳಕಲ್ಲೂ ಅವರ ಅಂಗಿ ಬೆಳ್ಳಗಿತ್ತು. ಹಿಂದಿನ ಗೋಡೆಯೂ ಬೆಳ್ಳಗೇ ಇತ್ತು.