ಕೆಂಪು ದೀಪ ಆರಿಸಿದ ಗುರುವಾರ

ಎರಡು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನ ಇದ್ದಾಗ ನಡೆದದ್ದು. ಹೊಲಿಗೆಯವರಿಗೆ ಅದು ಊಟಕ್ಕೂ ಪುರುಸೊತ್ತಿಲ್ಲದ ಕಾಲ. ಸಾಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದೇನೆ. ಬೋರ್ಡಿಲ್ಲ, ಬಾಗಿಲಿಗೊಂದು ಪರದೆ ಇದೆ, ಅಷ್ಟೆ.

ಬ್ಲೌಸ್ ಹೊಲಿಯುವವಳ ಹತ್ತಿರ ಹೆಂಗಸರು ಏನೇನು ಹೇಳುತ್ತಾರೆ ಎಂದು ಗೊತ್ತಾದರೆ ಊರಿನ ಅರ್ಧ ಗಂಡಸರಿಗೆ ನಿದ್ದೆ ಬರಲಿಕ್ಕಿಲ್ಲ. ಕೈ ಎತ್ತಿ ನಿಂತು ಮೈಗೆ ಟೇಪು ಸುತ್ತಿಸಿಕೊಳ್ಳುವಾಗ ಮನಸ್ಸೂ ಸಡಿಲವಾಗುತ್ತದೋ ಏನೋ. ಅತ್ತೆಯ ಕಾಟ, ಗಂಡನ ಕುಡಿತ, ಮಗಳ ಪ್ರೇಮ, ಎಲ್ಲವೂ ನನ್ನ ಕಿವಿಗೆ ಬಿದ್ದಿವೆ. ಆ ಕೋಣೆಯ ಮಾತನ್ನು ನಾನು ನಮ್ಮ ಅಡುಗೆಮನೆಗೂ ಒಯ್ದವಳಲ್ಲ. ನಮ್ಮನೆಯವರು ಎಷ್ಟೋ ಸಲ ಕೆಣಕಿ ಕೇಳಿ ಸೋತಿದ್ದಾರೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು ಎನ್ನಿ.

ಸುಮಿತ್ರಾ ಕಾರ್ಗಲ್ಲಿನ ಕ್ವಾರ್ಟರ್ಸಿನವಳು. ಗಂಡನಿಗೆ ಅಲ್ಲೇ ಕೆಲಸ. ಗಿರಾಕಿಯಾಗಿ ಬಂದವಳು ಗೆಳತಿಯಾಗಿ ಹದಿನೆಂಟು ವರ್ಷವಾಗಿತ್ತು. ಗುರುವಾರ ಪೇಟೆಗೆ ಬಂದರೆ ಹನ್ನೊಂದು ಗಂಟೆಗೆ ನನ್ನ ಪರದೆ ಸರಿಸಲೇಬೇಕು. ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಒಂದು ಹುಕ್ಕು ಕಿತ್ತರೂ ಆ ಬ್ಲೌಸನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. "ಹುಕ್ಕು ಒಂದು ನೆಪ, ನಿನಗೆ ನನ್ನ ಚಾ ಬೇಕು" ಎಂದು ನಾನು ಛೇಡಿಸಿದರೆ, ಮೂಲೆಯ ಸ್ಟೂಲು ಎಳೆದುಕೊಂಡು ಕೂತು ಹೌದು ಎಂದೇ ನಗುತ್ತಿದ್ದಳು.

ಆ ವರ್ಷ ಯುಗಾದಿಗೆ ನನ್ನ ಮಗಳು ಅಶ್ವಿನಿ ಒಂದು ಮಾತಾಡುವ ಸ್ಪೀಕರ್ ತಂದುಕೊಟ್ಟಿದ್ದಳು. ಅವಳನ್ನು ಕೊಟ್ಟಿರುವುದು ತೀರ್ಥಹಳ್ಳಿಗೆ. ಅಲ್ಲಿ ಅವರ ಜಗಲಿಯಲ್ಲೂ ಅಂಥದ್ದೇ ಒಂದು ಇದೆ. ಹಾಡು ಹಾಕು ಎಂದರೆ ಹಾಕುತ್ತದೆ, ಇಷ್ಟು ಹೊತ್ತಿಗೆ ನೆನಪಿಸು ಎಂದರೆ ನೆನಪಿಸುತ್ತದೆ. ಎರಡು ಕೈಯೂ ಬಟ್ಟೆಯಲ್ಲಿರುವ ನನಗೆ ಅದು ಬಹಳ ಅನುಕೂಲವಾಯಿತು. ಹೊಲಿಯುವಾಗ ನಾನು ಫೋನ್ ಎತ್ತುವುದಿಲ್ಲ ಎಂದು ಅಶ್ವಿನಿ ಇನ್ನೊಂದು ಏರ್ಪಾಡನ್ನೂ ಮಾಡಿದ್ದಳು. ಅವಳು ಅಲ್ಲಿಂದ ಹೇಳಿದರೆ ಸಾಕು, ನಾನು ಏನನ್ನೂ ಮುಟ್ಟದೆ ಅವಳ ದನಿ ನನ್ನ ಕೋಣೆಯಲ್ಲಿ ಕೇಳುತ್ತಿತ್ತು, ನನ್ನ ದನಿ ಅವರ ಜಗಲಿಯಲ್ಲಿ. ಗಿರಾಕಿಗಳು ಬಂದಾಗ ಮೇಲಿನ ಗುಂಡಿ ಒತ್ತಿದರೆ ಇದರ ಕಿವಿ ಮುಚ್ಚುತ್ತದೆ ಎಂದೂ ಹೇಳಿದ್ದಳು. ದೀಪದ ಬಣ್ಣದ ವಿಷಯ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಗುಂಡಿಯನ್ನು ನಾನು ಒತ್ತಿದ್ದೂ ಅಷ್ಟಕ್ಕಷ್ಟೆ.

ಆ ಗುರುವಾರ ಬೆಳಿಗ್ಗೆ ಸ್ಪೀಕರಿನ ಮೇಲೆ ಕೂತಿದ್ದ ದಾರದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಗಸಗಸ ಒರೆಸಿದೆ. ಆಮೇಲೆ ಹಾಡು ಹಾಕು ಎಂದರೆ ಜಪ್ಪಯ್ಯ ಎನ್ನಲಿಲ್ಲ. ನೆಟ್ ಹೋಗಿರಬೇಕು ಎಂದುಕೊಂಡು ಸುಮ್ಮನಾದೆ. ಹನ್ನೊಂದಕ್ಕೆ ಸುಮಿತ್ರಾ ಬಂದಳು. ಯಾವತ್ತಿನ ನಗು ಇರಲಿಲ್ಲ. ಸ್ಟೂಲಿನ ಮೇಲೂ ಕೂರಲಿಲ್ಲ. ಸ್ಪೀಕರಿನ ಕಡೆ ನೋಡಿ, ಇದು ನಾವು ಆಡಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತದಂತೆ ಹೌದಾ, ಆಫ್ ಮಾಡು ಎಂದಳು.

ನೋಡಿದೆ. ಅದರ ತಲೆಯ ಸುತ್ತ ಕೆಂಪು ದೀಪ ಉರಿಯುತ್ತಿತ್ತು. ನನ್ನ ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿದರೆ ಕರೆಂಟ್ ಹರಿಯುತ್ತಿದೆ, ಕೈ ಇಡಬೇಡ ಎಂದರ್ಥ. ಗೋಡೆಯ ಸ್ವಿಚ್ ಬೋರ್ಡಿನಲ್ಲೂ ಹಾಗೇ. ದಿನಕ್ಕೆ ನೂರು ಸಲ ಆ ದೀಪ ನೋಡಿಯೇ ಕೆಲಸ ಮಾಡುವವಳು ನಾನು. ಗುಂಡಿ ಒತ್ತಿದೆ, ಕೆಂಪು ಆರಿತು. "ಹೋಯ್ತು ನೋಡು. ಈಗ ಅದು ಬರೀ ಡಬ್ಬಿ" ಎಂದೆ, ದೊಡ್ಡ ಇಂಜಿನಿಯರಿನ ಹಾಗೆ.

ಅಳತೆ ತೆಗೆಯಲು ಟೇಪು ಸುತ್ತುವಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಎಡಗಡೆ ಒಂದು ಗಂಟು ಸಿಕ್ತಾ ಇದೆ ಮಾರಾಯ್ತಿ. ಸೋಮವಾರ ಶಿವಮೊಗ್ಗಕ್ಕೆ ಹೋಗಿ ತೋರಿಸ್ತೀನಿ. ಮನೇಲಿ ಯಾರಿಗೂ ಹೇಳಿಲ್ಲ. ಮೇಘಂದು ಮಾತುಕತೆ ಮುಗೀಲಿ, ಆಮೇಲೆ ನಮ್ಮನೆಯವರಿಗೆ ನಾನೇ ಕೂತು ಹೇಳ್ತೀನಿ."

ಮೇಘಾ ಅವಳ ಒಬ್ಬಳೇ ಮಗಳು. ಹೊಸನಗರದ ಒಂದು ಮನೆಯವರು ಹುಡುಗಿಯನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಮುಂದಿನ ವಾರ ನಿಶ್ಚಯದ ದಿನ ಗೊತ್ತುಮಾಡುವುದಿತ್ತು. ತಾಯಿಗೆ ಹೀಗಿದೆ ಎಂದರೆ ನಾಳೆ ಮಗಳಿಗೂ ಬರುತ್ತದೆ ಎನ್ನುವ ಜನ ಇದ್ದಾರೆ ಎನ್ನುವುದು ಅವಳ ಹೆದರಿಕೆ. ಅವಳು ಅತ್ತಳು. ನಾನು ಟೇಪು ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಎಲ್ಲ ಗಂಟೂ ಕೆಟ್ಟದ್ದಲ್ಲ ಎಂದು ಗೊತ್ತಿದ್ದಷ್ಟು ಧೈರ್ಯ ಹೇಳಿದೆ. ಸ್ಪೀಕರಿಗೆ ಬೆನ್ನು ಹಾಕಿ ನಿಂತಿದ್ದೆ. ಪಕ್ಕದ ಶೆಡ್ಡಿನಲ್ಲಿ ಮರ ಕೊಯ್ಯುವ ಗರಗಸದ ಸದ್ದು ಬೇರೆ.

ಸಂಜೆ ಅಶ್ವಿನಿಯ ಫೋನ್ ಬಂತು. ದನಿ ಒಂದು ಥರಾ ಇತ್ತು. "ಅಮ್ಮ, ಬೆಳಿಗ್ಗೆ ನಿನ್ನ ಹತ್ರ ಸುಮಿತ್ರಕ್ಕ ಬಂದಿದ್ರಾ?"

ನಡೆದದ್ದು ಇಷ್ಟು. ಹಬ್ಬಕ್ಕೆ ಯಾವತ್ತು ಬರಲಿ ಎಂದು ಕೇಳಲು ಅವಳು ಅಲ್ಲಿಂದ ನನ್ನನ್ನು ಕರೆದಿದ್ದಾಳೆ. ಗರಗಸದ ಸದ್ದಿನಲ್ಲಿ ನನಗೆ ಕೇಳಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ, ಕರೆ ನಿಲ್ಲಿಸುವುದನ್ನು ಮರೆತು ಒಳಗೆ ಓಡಿದ್ದಾಳೆ. ಜಗಲಿಯಲ್ಲಿ ಅವಳ ಅತ್ತೆ ಇದ್ದರು. ಅವರ ಜೊತೆ ಕಾಫಿ ಕುಡಿಯುತ್ತ, ಆ ಹೊಸನಗರದ ಹುಡುಗನ ಸೋದರತ್ತೆ ಕೂತಿದ್ದರು. ಸುಮಿತ್ರಾ, ಮೇಘಾ, ಗಂಟು, ಎಲ್ಲವೂ ಅವರಿಗೆ ಸ್ಪಷ್ಟವಾಗಿ ಕೇಳಿದೆ. ಬೆಳಿಗ್ಗೆ ಒರೆಸುವಾಗ ಒತ್ತಿಹೋಗಿ ಮುಚ್ಚಿದ್ದ ಕಿವಿಯನ್ನು, ಆಫ್ ಮಾಡುತ್ತೇನೆ ಎಂದು ನಾನೇ ತೆರೆದಿದ್ದೆ.

ಆಗಲೇ ಸುಮಿತ್ರಾಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆ ಹೆಂಗಸು ಒಳ್ಳೆಯವರಿರಬಹುದು, ಹೇಳಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಶುಕ್ರವಾರ ಹೋಯಿತು, ಶನಿವಾರ, ಭಾನುವಾರ ಹೋಯಿತು. ಗುಂಡಿ ತಪ್ಪಿ ಒತ್ತಿದ್ದು ಗೊತ್ತಿಲ್ಲದೆ ಆದದ್ದು ಎನ್ನಬಹುದು. ಆ ಮೂರು ದಿನ ಬಾಯಿ ಬಿಡದೆ ಕೂತದ್ದು ಗೊತ್ತಿದ್ದೇ ಮಾಡಿದ್ದು.

ಸೋಮವಾರ ಅವಳು ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಬ್ಬಳೇ ಸರದಿಯಲ್ಲಿ ಕೂತಿದ್ದಾಗ, ಹೊಸನಗರದಿಂದ ಅವಳ ಗಂಡನಿಗೆ ಫೋನ್ ಹೋಯಿತು. ನಿಮ್ಮ ಮನೆಯವರಿಗೆ ಹುಷಾರಿಲ್ಲವಂತೆ, ಸ್ವಲ್ಪ ದಿನ ನೋಡೋಣ ಎಂದರಂತೆ. ಹೆಂಡತಿಗೆ ಏನಾಗಿದೆ ಎನ್ನುವುದು ಆ ಮನುಷ್ಯನಿಗೆ ಗೊತ್ತಾದದ್ದು ಹಾಗೆ, ಪರರ ಬಾಯಿಂದ. ಸಂಬಂಧವೂ ಅಲ್ಲಿಗೇ ನಿಂತಿತು.

ಸಂಬಂಧ ನಿಂತ ವಿಷಯ ತಿಳಿದ ಮರುದಿನವೇ ಕಾರ್ಗಲ್ ಬಸ್ಸು ಹತ್ತಿದೆ. ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು. ಬಾ ಎನ್ನಲಿಲ್ಲ. ನಾನು ದೀಪದ ಕಥೆ, ಮೂರು ದಿನದ ಕಥೆ ಎಲ್ಲ ತೊದಲುತ್ತ ಹೇಳಿದೆ. ಪೂರ್ತಿ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು.

"ಮಿಷಿನ್ ತಪ್ಪು ಅಂತ ಬಿಡ್ತೀನಿ ಲಲಿತಾ. ನೀನು ಗುರುವಾರ ಸಂಜೇನೇ ಒಂದು ಫೋನ್ ಮಾಡಿದ್ರೆ, ನಮ್ಮನೆಯವರಿಗೆ ನಾನೇ ಹೇಳ್ತಿದ್ದೆ" ಎಂದಳು. ಆಮೇಲೆ, ಕೊನೇ ಬಸ್ಸು ತಪ್ಪೀತು, ಹೊರಡು ಎಂದಳು. ಕೊನೆಯ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು.

ಮುಂದಿನ ಭಾನುವಾರ ಅಳಿಯ ಬಂದು ಎಲ್ಲ ತೋರಿಸಿಕೊಟ್ಟ. ಕೆಂಪು ಉರಿಯುತ್ತಿದ್ದರೆ ಕಿವಿ ಮುಚ್ಚಿದೆ, ಆರಿದ್ದರೆ ತೆರೆದಿದೆ. ಹೇಳದೆ ಕೇಳದೆ ಅತ್ತಲಿಂದ ಒಳಗೆ ಬರುವ ಏರ್ಪಾಡನ್ನು ಫೋನಿನಲ್ಲೇ ತೆಗೆದುಹಾಕಿದ. ಮೊದಲ ದಿನವೇ ಇದನ್ನು ಮಾಡಬೇಕಿತ್ತು ಅತ್ತೆ ಎಂದು ತಲೆ ತಗ್ಗಿಸಿದ. ಪಾಪ, ಅವನದೇನು ತಪ್ಪು? ಆಮೇಲೆ, ಇದಕ್ಕೆ ನಾವು ಹೇಳಿದ್ದೆಲ್ಲ ಶೇಖರವಾಗಿ ಇರುತ್ತದೆ, ಅಳಿಸಿಬಿಡುತ್ತೇನೆ ಎಂದು ಒಂದೊಂದೇ ತೆಗೆದು ಕೇಳಿಸಿದ. ಹಾಡು ಹಾಕು ಎನ್ನುವ ನನ್ನದೇ ಒರಟು ದನಿ. ಅದರಲ್ಲೊಂದು ಕಡೆ, ನನ್ನ ಹಿಂದಿನಿಂದ ಸುಮಿತ್ರಾ. "ಹಳೇದು ಹಾಕ್ಸೇ" ಎಂದು ನಗುತ್ತಿದ್ದಾಳೆ. ಮೂರೋ ನಾಲ್ಕೋ ಸೆಕೆಂಡು.

ಇನ್ನೊಂದು ಸಲ ಹಾಕು ಎಂದೆ. ಹಾಕಿದ. ಇದೊಂದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ. ಇಟ್ಟುಕೊಳ್ಳಬೇಕು ಎಂದು ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ಆದರೆ ಅವಳನ್ನು ಕೇಳದೆ ಹಿಡಿದಿಟ್ಟ ನಗು ಅದು. ಒಂದು ಸಲ ಅವಳ ಮಾತನ್ನು ಊರಿಗೆ ಕೊಟ್ಟಾಗಿತ್ತು, ಇದನ್ನಾದರೂ ಬಿಟ್ಟುಬಿಡೋಣ ಎನಿಸಿತು. ಅಳಿಸು ಎಂದೆ. ಸ್ಪೀಕರನ್ನು ಕಿತ್ತು ಅವನ ಕೈಗೇ ಕೊಟ್ಟು ಕಳಿಸಿದೆ.

ಆಮೇಲೆ ಎರಡು ಗೌರಿ ಹಬ್ಬ ಕಳೆದವು. ಸುಮಿತ್ರಾಗೆ ಶಸ್ತ್ರಚಿಕಿತ್ಸೆ ಆಯಿತು ಎಂದು ಬೇರೆಯವರಿಂದ ಕೇಳಿದೆ. ನಾನು ಮಾಡಿದ ಫೋನುಗಳನ್ನು ಅವಳ ಗಂಡ ಎತ್ತಿಕೊಂಡು, ಮಲಗಿದ್ದಾಳೆ ಎನ್ನುತ್ತಿದ್ದರು. ಗುರುವಾರ ಹನ್ನೊಂದಾದರೆ ನನ್ನ ಕಾಲು ಮಿಷಿನಿನ ಮೇಲೆ ತಾನಾಗಿ ನಿಲ್ಲುತ್ತದೆ. ಪರದೆ ಗಾಳಿಗೆ ಆಡಿದರೂ ತಲೆ ಎತ್ತುತ್ತೇನೆ. ಎಷ್ಟೋ ಹೆಂಗಸರು ಬರುತ್ತಾರೆ, ಕೂರುತ್ತಾರೆ. ಆ ಸ್ಟೂಲನ್ನು ಮಾತ್ರ ಯಾರಿಗೂ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಹೋದ ತಿಂಗಳು ಕಾರ್ಗಲ್ಲಿನಿಂದ ಪುಷ್ಪಾ ಎನ್ನುವವರು ಬಂದರು. ಸುಮಿತ್ರಾಳ ಪಕ್ಕದ ಮನೆಯವರು. ಮೇಘಾಗೆ ಬೇರೆ ಕಡೆ ಮದುವೆ ಗೊತ್ತಾಗಿದೆ, ಹುಡುಗನ ಮನೆಯವರಿಗೆ ಎಲ್ಲವನ್ನೂ ಮೊದಲೇ ಹೇಳಿಯೇ ಮಾತಾಡಿದರು ಎಂದರು. ತಾಯಿಗೆ ಒಂದು ಬ್ಲೌಸ್ ಆಗಬೇಕಂತೆ. ಹಸಿರು ಬಟ್ಟೆ ಕೊಟ್ಟರು, ಅಳತೆಗೆಂದು ಹಳೆಯದೊಂದು ಬ್ಲೌಸೂ ಕೊಟ್ಟರು. ಚೀಟಿ ಇರಲಿಲ್ಲ. ಏನಾದರೂ ಹೇಳಿದಳಾ ಎಂದು ಕೇಳಿದೆ. ಅಲ್ಲೇ ಕೊಡು ಅಂದ್ಲು ಅಷ್ಟೆ ಎಂದರು ಪುಷ್ಪಾ.

ಅವರು ಹೊರಗೆ ಯಾರೊಂದಿಗೋ ಮಾತಾಡುವಾಗ ಆ ಬ್ಲೌಸನ್ನು ತಿರುವಿ ನೋಡಿದೆ. ಆ ಗೌರಿ ಹಬ್ಬಕ್ಕೆ ನಾನೇ ಹೊಲಿದು, ಬೇರೆಯವರ ಕೈಯಲ್ಲಿ ಕಳಿಸಿದ್ದು ಅದು. ಎಡಗಡೆ ಒಳಗೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಎದೆಯ ಜಾಗಕ್ಕೆ, ಹಳೆಯ ಸೀರೆಯ ಮೆತ್ತನೆ ಬಟ್ಟೆಯನ್ನು ಮಡಿಸಿಟ್ಟು ಕೈಯಲ್ಲಿ ಹೊಲಿದಿತ್ತು. ಉದ್ದುದ್ದ, ಅಡ್ಡಾದಿಡ್ಡಿ ಹೊಲಿಗೆ. ಒಂದು ಕಡೆ ದಾರ ಗಂಟಾಗಿ, ಬಿಡಿಸಲು ಬಾರದೆ ಹಾಗೇ ಬಿಟ್ಟಿತ್ತು. ಹುಕ್ಕು ಹಾಕಲು ಬಾರದ ಸುಮಿತ್ರಾ, ಇದನ್ನು ಯಾರಿಗೂ ತೋರಿಸದೆ, ಒಬ್ಬಳೇ ಕೂತು ಹೊಲಿದುಕೊಂಡಿದ್ದಳು. ನನ್ನಲ್ಲಿಗೆ ಬಂದಿದ್ದರೆ ಒಂದು ಗಳಿಗೆಯ ಕೆಲಸ. ಆ ಬ್ಲೌಸನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ.

ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ ನಾನು. ಆವತ್ತು ಹೇಳಿದೆ. ಇಂಥ ಬ್ಲೌಸು ಬರೀ ಅಳತೆಯಲ್ಲಿ ಆಗುವುದಿಲ್ಲ, ಒಂದು ಸಲ ಹಾಕಿ ನೋಡಲು ಅವಳೇ ಬರಬೇಕು ಎಂದು ಪುಷ್ಪಾ ಹತ್ತಿರ ಹೇಳಿ ಕಳಿಸಿದೆ. ಅಳತೆ ಬ್ಲೌಸ್ ಸಾಕಿತ್ತು. ಅವಳ ಮೈ ನನ್ನ ಕೈಗೆ ಬಾಯಿಪಾಠ.

ಬ್ಲೌಸ್ ಆಗಿದೆ. ಎಡಗಡೆ ಒಳಗೆ ಹತ್ತಿಯ ಮೆತ್ತನೆ ಜೇಬು ಮಾಡಿದ್ದೇನೆ, ಹೊರಗೆ ಯಾರಿಗೂ ತಿಳಿಯುವುದಿಲ್ಲ. ಮೈ ತುಂಬಿಕೊಂಡರೆ ಬಿಡಿಸಲು ಪಕ್ಕದಲ್ಲಿ ಬಟ್ಟೆಯನ್ನೂ ಜಾಸ್ತಿ ಬಿಟ್ಟಿದ್ದೇನೆ. ಅವಳು ಕೂರುವ ಸ್ಟೂಲಿನ ಮೇಲಿನ ಮೊಳೆಗೆ ಅದನ್ನು ತೂಗುಹಾಕಿದ್ದೇನೆ. ಮೂರು ಗುರುವಾರ ಕಳೆದವು, ಮದುವೆಗೆ ಮುಂಚೆ ಇನ್ನೊಂದು ಇದೆ. ಆವತ್ತೂ ಬರದಿದ್ದರೆ ಸಂಜೆಯ ಬಸ್ಸಿಗೆ ನಾನೇ ಒಯ್ದು ಅವಳ ಬಾಗಿಲಲ್ಲಿ ಕೊಟ್ಟು ಬರುತ್ತೇನೆ. ಆದರೆ ಹನ್ನೊಂದು ಗಂಟೆಯವರೆಗೆ ಕಾಯುತ್ತೇನೆ. ಹುಕ್ಕುಗಳನ್ನು ಮಾತ್ರ ಇನ್ನೂ ಹಾಕಿಲ್ಲ, ಅವಳು ಚಾ ಕುಡಿಯುವಷ್ಟು ಹೊತ್ತಿನ ಕೆಲಸ ಅದು.