ಒಣಗ್ಲಿ ಮೇಸ್ತ್ರಿಯ ಜಗಲಿ

ಅವನಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಒಣಗ್ಲಿ ಮೇಸ್ತ್ರಿ ಅಂದರೆ ಮಾತ್ರ ಇಡೀ ಬೀದಿಗೆ ಗೊತ್ತು. ಮನೆಗಳ ಹಿಂದೆ ಮುಂದೆ ಹಲಗೆ ಜೋಡಿಸಿ ಕಟ್ಟಿದ ಮರದ ಜಗಲಿಗಳಿಗೆ ಬಣ್ಣ ಹೊಡೆಯುವುದು, ಅವಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದು ಅವನ ಕಸುಬು. ಬಣ್ಣ ಯಾವಾಗ ಎಂದು ಮನೆಯವರು ಎಷ್ಟು ತಲೆ ತಿಂದರೂ ಅವನ ಬಾಯಲ್ಲಿ ಒಂದೇ ಮಾತು: "ಒಣಗ್ಲಿ."

ಸುಮ್ಮನೆ ಹಟವಲ್ಲ ಅದು. ಹಸಿ ಮರದ ಮೇಲೆ ಬಣ್ಣ ಬಳಿದರೆ ನೀರು ಒಳಗೇ ಉಳಿಯುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣದ ಅಡಿಯಿಂದಲೇ ಕಪ್ಪು ಚುಕ್ಕಿ ಏಳುತ್ತದೆ. ಅದಕ್ಕೇ ಅವನು ಹೂಕುಂಡ, ಚಾಪೆ ಎಲ್ಲ ಎತ್ತಿಸಿ, ಹಲಗೆಗಳ ಸಂದಿಯಲ್ಲಿ ಕೊಳೆತ ಎಲೆಯನ್ನು ಕಡ್ಡಿ ಹಾಕಿ ಕೆದಕಿ ತೆಗೆದು, ಬ್ಲೀಚಿಂಗ್ ಪುಡಿಯ ನೀರಲ್ಲಿ ಉಜ್ಜಿ ತೊಳೆದು, ಆಮೇಲೆ ಕೈಕಟ್ಟಿ ಕೂರುತ್ತಿದ್ದ. ರಾತ್ರಿ ಹಲಗೆಯ ಮೇಲೆ ಒಂದು ಹಳೇ ಪೇಪರ್ ಹಾಳೆ ಹಾಸಿ, ಮೇಲೆ ಇಟ್ಟಿಗೆ ಹೇರುತ್ತಿದ್ದ. ಬೆಳಿಗ್ಗೆ ಹಾಳೆ ಗರಿಗರಿಯಾಗಿದ್ದರೆ ಬ್ರಶ್ಶು ಹೊರಗೆ ಬರುತ್ತಿತ್ತು. ಮೆತ್ತಗಾಗಿದ್ದರೆ ಜಪ್ಪಯ್ಯ ಅಂದರೂ ಇಲ್ಲ. "ನಮ್ಮ ಭಾವ ಸ್ನಾನ ಮಾಡಿದ ಮೇಲೂ ಮೈಗೆ ಹಾಳೆ ಅಂಟಿಸಿ ನೋಡಿಯೇ ಅಂಗಿ ಹಾಕ್ಕೊಳ್ಳೋದು" ಎಂದು ಅವನ ಜೊತೆಗೇ ಕೆಲಸ ಮಾಡುವ ಭಾಮೈದ ಹೇಳಿದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮೇಸ್ತ್ರಿಯ ಹೆಂಡತಿ.

ಆ ಹೆಂಡತಿಗೆ ಹೃದಯ ಸೋತಿತು. ಕಾಲು ಊದಿಕೊಂಡು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡು ಕೊನೆಗೆ ಡಾಕ್ಟರು ಕೈಚೆಲ್ಲಿದರು. "ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಏನು ಇಷ್ಟವೋ ಅದು ಮಾಡಿ" ಅಂದರು.

ಅವಳಿಗೆ ಇಷ್ಟವಾದದ್ದು ದೊಡ್ಡದೇನೂ ಅಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದರೆ ಅವರದೇ ಮರದ ಜಗಲಿ. ದಿನಾ ಸಂಜೆ ಅಲ್ಲಿ ಕೂತು ತರಕಾರಿ ಹೆಚ್ಚುತ್ತಾ, ಆಚೆ ಮನೆಯವಳೊಂದಿಗೆ ಗೋಡೆಯ ಮೇಲಿಂದಲೇ ಹರಟೆ ಹೊಡೆದವಳು. "ರೀ, ನನ್ನನ್ನ ಒಂದ್ಸಲ ಹೊರಗೆ ಕೂರಿಸಿ, ಸಾಕು" ಅಂದಳು.

ಮೇಸ್ತ್ರಿ ಬಾಗಿಲು ತೆರೆದು ನೋಡಿದ. ಆಸ್ಪತ್ರೆ ಅಲೆದಾಟದಲ್ಲಿ ಆ ಕಡೆ ತಲೆಹಾಕಿಯೇ ಇರಲಿಲ್ಲ. ಗೋಡೆಯ ನೆರಳು ಬೀಳುವ ಹಲಗೆಗಳೆಲ್ಲ ಬೂಷ್ಟು ಹಿಡಿದು ಕಪ್ಪಾಗಿದ್ದವು, ಕಾಲಿಟ್ಟರೆ ಜಾರುತ್ತಿತ್ತು.

"ಇದರ ಮೇಲೆ ನಿನ್ನ ಕೂರಿಸ್ಲಾ? ಮೊದಲು ಸರಿ ಮಾಡ್ತೀನಿ ಇರು."

ಉಜ್ಜಿದ, ತೊಳೆದ. ಅಷ್ಟರಲ್ಲಿ ಮೋಡ ಮುಚ್ಚಿಕೊಂಡಿತು. ದಿನಾ ಬೆಳಿಗ್ಗೆ ಹಾಳೆ ಮೆತ್ತಗೆ. ದಿನಾ ಬೆಳಿಗ್ಗೆ ಇವತ್ತು ಕೂರಬಹುದಾ ಎಂಬ ಅವಳ ಅದೇ ಪ್ರಶ್ನೆ, ಇವನ ಅದೇ ಉತ್ತರ. ಭಾಮೈದ ತಡೆಯಲಾರದೆ ಹೇಳಿದ: "ಭಾವ, ಕುರ್ಚಿ ಸಮೇತ ಎತ್ಕೊಂಡು ಹೋಗಿ ಕೂರಿಸಿಬಿಡೋಣ. ಒದ್ದೆ ಇದ್ರೆ ಏನೀಗ?"

"ನಿನಗೆ ಕೆಲಸ ಕಲಿಸಿದ್ದು ಯಾರು?" ಎಂದು ಮೇಸ್ತ್ರಿ ಅವನ ಬಾಯಿ ಮುಚ್ಚಿಸಿದ.

ಪಾಪ, ಮೇಸ್ತ್ರಿಯನ್ನೂ ಬೈದು ಪ್ರಯೋಜನವಿಲ್ಲ. ಅವಳ ಹೃದಯಕ್ಕೆ ಅವನ ಕೈಲಿ ಏನೂ ಮಾಡಲಾಗುತ್ತಿರಲಿಲ್ಲ. ಹಲಗೆಗೆ ಮಾಡಬಹುದಿತ್ತು. ಅವಳ ಮಂಚದ ಪಕ್ಕ ಕೂತರೆ ಅವಳು ಉಸಿರೆಳೆಯುವ ಸದ್ದು ಕೇಳುತ್ತಿತ್ತು, ಅವನಿಗೆ ಭಯವಾಗುತ್ತಿತ್ತು. ಜಗಲಿಯಲ್ಲಿ ಬ್ರಶ್ಶಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೊಂದು ದಿನ ಬಿಸಿಲು ಬಂತು. ಮಾರನೆಯ ಬೆಳಿಗ್ಗೆ ಹಾಳೆ ಗರಿಗರಿಯಾಗಿತ್ತು. ಅದನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದ.

"ಹಾಗಾದ್ರೆ ಒಣಗಿದೆ ಅಲ್ವಾ? ಬಣ್ಣ ಹೊಡೆಯೋ ಮುಂಚೆ ಒಂದು ಗಳಿಗೆ ಕೂತ್ಕೊಂಡು ಬರ್ಲಾ?"

"ಈಗ ಬೇಡ ಕಣೇ. ಬರಿಗಾಲಿನ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯಲ್ಲ. ನಾಳೆ ರಾಣಿ ಹಾಗೆ ಕೂರಿಸ್ತೀನಿ."

ಅವಳು ನಕ್ಕಳು. "ಆಯ್ತು ಬಿಡಿ ಮೇಸ್ತ್ರಿಗಳೇ. ಒಣಗ್ಲಿ."

ಅವಳಿಗೆ ಕಾಣಲಿ ಎಂದು ಬಾಗಿಲು ತೆರೆದೇ ಇಟ್ಟು, ಹೊಸ್ತಿಲ ಪಕ್ಕದ ಹಲಗೆಯಿಂದ ಶುರುಮಾಡಿ, ಅಂಗಳದ ಮೆಟ್ಟಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ ಬಣ್ಣ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಹಲಗೆಗೆ ಬಂದಿದ್ದ. ಆಗ ಒಳಗಿಂದ "ರೀ" ಎಂದು ಕೇಳಿಸಿತು. ಒಂದೇ ಸಲ, ಸಣ್ಣ ದನಿಯಲ್ಲಿ.

ಅವನಿಗೂ ಆ ಬಾಗಿಲಿಗೂ ನಡುವೆ ಇದ್ದದ್ದು ಹಸಿ ಬಣ್ಣದ ಜಗಲಿ, ಅಷ್ಟೇ. ಓಡಿದ್ದರೆ ಆರೇಳು ಹೆಜ್ಜೆ. ಅವನು ಬ್ರಶ್ಶನ್ನು ಡಬ್ಬದ ಮೇಲಿಟ್ಟು, ಮೆಟ್ಟಿಲಿಳಿದು, ಮನೆಯ ಪಕ್ಕದ ಓಣಿಯಲ್ಲಿ ಹೋಗಿ, ಮುಂದಿನ ಗೇಟಿನ ಚಿಲಕ ತೆಗೆದು, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ನಡುಮನೆ, ಅಡುಗೆಮನೆ ದಾಟಿ ಕೋಣೆಗೆ ಬಂದ.

ಅವಳ ಮುಖ ಜಗಲಿಯ ಕಡೆಗಿತ್ತು. ಕಣ್ಣು ತೆರೆದಿತ್ತು. ಉಸಿರು ನಿಂತಿತ್ತು.

ಮಾರನೆಯ ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಹೊರಡಬೇಕು. ಅಡುಗೆಮನೆಯ ತಿರುವು ಇಕ್ಕಟ್ಟು, ನಾಲ್ಕು ಜನ ಹಿಡಿದು ತಿರುಗುವಂತಿರಲಿಲ್ಲ. ಹಿಂಬಾಗಿಲೊಂದೇ ದಾರಿ. ಮುಂದೆ ಹಿಡಿದಿದ್ದ ಭಾಮೈದ ಹೊಸ್ತಿಲಲ್ಲಿ ಕಾಲ್ಬೆರಳಿಂದ ಹಲಗೆ ಮುಟ್ಟಿ ನೋಡಿ ನಿಂತುಬಿಟ್ಟ. ರಾತ್ರಿಯ ಇಬ್ಬನಿಗೆ ಬಣ್ಣ ಇನ್ನೂ ಅಂಟುತ್ತಿತ್ತು.

"ಭಾವ, ಒಣಗಿಲ್ಲ."

ಮೇಸ್ತ್ರಿ "ನಡಿಯಪ್ಪಾ" ಅಂದ.

ಅವರು ನಡೆದರು. ಹೆಜ್ಜೆ ಮೂಡಿದವು.

ಮುಂದಿನ ಮಳೆಗಾಲಕ್ಕೆ ಬಣ್ಣ ಕಿತ್ತ ಆ ಹೆಜ್ಜೆಗುರುತುಗಳಲ್ಲೇ ಬೂಷ್ಟು ಶುರುವಾಯಿತು, ಒಂದೊಂದು ಅಂಗಾಲೂ ಕಪ್ಪಗೆ ಎದ್ದು ಕಾಣುವ ಹಾಗೆ. ಮೇಸ್ತ್ರಿ ಈಗಲೂ ಊರವರ ಜಗಲಿಗಳಿಗೆ ಹೋಗುತ್ತಾನೆ, ಹಾಳೆ ಹಾಸಿ ಇಟ್ಟಿಗೆ ಇಡುತ್ತಾನೆ. ತನ್ನದನ್ನು ಮಾತ್ರ ಮುಟ್ಟುವುದಿಲ್ಲ. ಒಂದು ದಿನ ಭಾಮೈದ ಉಪ್ಪುಕಾಗದ, ಬ್ರಶ್ಶು ಹಿಡಿದು ಬಂದ.

"ಭಾವ, ನೀವು ನೋಡಬೇಡಿ, ಒಳಗಿರಿ. ನಾನೇ ಉಜ್ಜಿ ಒಂದು ಕೋಟ್ ಹೊಡೆದುಬಿಡ್ತೀನಿ."

"ಬೇಡ ಕಣೋ" ಅಂದ ಮೇಸ್ತ್ರಿ. "ಸರಿಯಾಗಿ ನೋಡು. ಎಲ್ಲಾ ಹೆಜ್ಜೆನೂ ಹೊರಗೇ ಹೋಗಿವೆ. ಒಳಗೆ ಬಂದಿದ್ದು ಒಂದೂ ಇಲ್ಲ."