ಕಂಬಳಿ ಪ್ಯಾಡು

ನಾನು ಗೋಲ್‌ಕೀಪರ್ ಆದದ್ದು ಪ್ರತಿಭೆಯಿಂದಲ್ಲ, ಗಾಲಿಯ ಮೇಲೆ ಓಡಲು ಬಾರದ ಕಾರಣಕ್ಕೆ. ತೊಂಬತ್ತರ ದಶಕದ ಕೊನೆಯಲ್ಲಿ ಚಿತ್ರದುರ್ಗದ ನಮ್ಮ ಶಾಲೆಗೆ ಬಂದ ಡ್ರಿಲ್ ಮೇಷ್ಟ್ರು ಮಕ್ಕಳ ಕಾಲಿಗೆ ನಾಲ್ಕು ಚಕ್ರದ ಸ್ಕೇಟ್ಸ್ ಕಟ್ಟಿಸಿ, ಪ್ರಾರ್ಥನೆಯ ಸಿಮೆಂಟ್ ಅಂಗಳವನ್ನೇ ರೋಲರ್ ಹಾಕಿಯ ಮೈದಾನ ಮಾಡಿದ್ದರು. ಮಿಕ್ಕವರು ಸುಯ್ಯೆಂದು ಓಡುತ್ತಿದ್ದರು. ನಾನು ಹೆಜ್ಜೆಗೊಮ್ಮೆ ಬೀಳುತ್ತಿದ್ದೆ, ಹಾಗಾಗಿ ನನ್ನನ್ನು ಎರಡು ಕಂಬಗಳ ನಡುವೆ ನಿಲ್ಲಿಸಿದರು. ಅಲ್ಲಿ ನಿಂತ ಮೇಲೆ ನನಗೆ ಬೇರೇನೂ ಬೇಡವೆನಿಸಿತು.

ತೊಂದರೆ ಇದ್ದದ್ದು ನೆಲದಲ್ಲಿ. ಮೇಷ್ಟ್ರು ಟಿವಿಯಲ್ಲಿ ಮಂಜುಗಡ್ಡೆಯ ಮೇಲಿನ ಹಾಕಿ ನೋಡಿದ್ದರು. ಅಲ್ಲಿನ ಗೋಲ್‌ಕೀಪರ್ ಮಂಡಿಯೂರಿ ಈ ಕಂಬದಿಂದ ಆ ಕಂಬಕ್ಕೆ ಸಲೀಸಾಗಿ ಜಾರುತ್ತಾನಂತೆ. ನಮ್ಮ ಸಿಮೆಂಟೋ ಒರಳುಕಲ್ಲಿನಷ್ಟು ಒರಟು. ಚಕ್ರ ಅಡ್ಡಕ್ಕೆ ಜಾರುವುದಿಲ್ಲ, ನನಗೆ ಕಟ್ಟಿದ ಕ್ರಿಕೆಟ್ಟಿನ ಹಳೇ ಪ್ಯಾಡು ನೆಲ ಕಚ್ಚಿಕೊಂಡು ಹಿಂದೆ ಉಳಿಯುತ್ತದೆ, ಮಂಡಿಯ ಚರ್ಮ ಮಾತ್ರ ಧಾರಾಳವಾಗಿ ಕಿತ್ತು ಬರುತ್ತದೆ. ಯೂನಿಫಾರಂ ಲಂಗಕ್ಕೆ ರಕ್ತ ಮೆತ್ತಿಕೊಂಡೇ ಮನೆಗೆ ಹೋಗುತ್ತಿದ್ದೆ. ಒಂದು ದಿನ ಅವ್ವ ಗಾಯಕ್ಕೆ ಅರಿಶಿನ ಒತ್ತುತ್ತಾ ತೀರ್ಪು ಕೊಟ್ಟಳು.

"ಲೇ, ಇನ್ನೊಂದ್ಸಲ ಮಂಡೀಲಿ ರಕ್ತ ಕಂಡ್ರೆ ಆ ಗಾಲಿ ಬೂಟು ಬಾವಿಗೆ ಹಾಕ್ತೀನಿ ನೋಡು. ಆಟನೂ ಬ್ಯಾಡ, ಏನೂ ಬ್ಯಾಡ."

ಅವ್ವ ಹೇಳಿದ್ದನ್ನು ಮಾಡುವವಳು. ಬಾವಿ ನಮ್ಮ ಹಿತ್ತಿಲಲ್ಲೇ ಇತ್ತು.

ಆಗ ಜವನಗೊಂಡನಹಳ್ಳಿ ಕಡೆಯಿಂದ ಅಜ್ಜಿ ಬಂದಿದ್ದಳು. ಅವ್ವನ ತಾಯಿ, ಕುರಿ ಸಾಕಿದ ಮನೆಯವಳು. ಚಳಿಯಾಗಲಿ, ಬಾಣಂತನವಾಗಲಿ, ಅವಳ ಪ್ರಕಾರ ಕಂಬಳಿಯಿಂದ ಬಗೆಹರಿಯದ ಕಷ್ಟವೇ ಇರಲಿಲ್ಲ. ಹಳೆಯ ಕಂಬಳಿಯೊಂದನ್ನು ಕತ್ತರಿಸಿ, ಪದರದ ಮೇಲೆ ಪದರವಿಟ್ಟು ಹೊಲಿದು, ಕಂಬಳಿ ನೇಯುವವರು ಮಾಡುವಂತೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗಿಟ್ಟಳು. ಸಂಜೆಗೆ ಅದು ಹಲಗೆಯಾಗಿತ್ತು. ನುಣ್ಣನೆಯ ಕಲ್ಲಿನಿಂದ ತಿಕ್ಕಿ ಹೊಳಪು ಬರಿಸಿ ನನ್ನ ಮಂಡಿಗೆ ಕಟ್ಟಿದಳು.

ಜಾರಿತು! ಮಂಜಿನ ಮೇಲಿನ ಹಾಗಲ್ಲ, ಒಂದು ಮೊಳದಷ್ಟು. ಆ ಒಂದು ಮೊಳಕ್ಕೆ ಮೇಷ್ಟ್ರು ನನ್ನ ನಡಿಗೆಯನ್ನೇ ಬದಲಿಸಿದರು. "ಧೊಪ್ಪಂತ ಬೀಳಬ್ಯಾಡಮ್ಮ. ಒಂದು ಪಾದ ಹೊರಕ್ಕೆ ತಿರುಗ್ಸು, ಅದರಿಂದ ನೆಲ ನೂಕು, ಆಮೇಲೆ ಮಂಡಿ ಊರು." ಆ ಬೇಸಿಗೆಯಿಡೀ ಒಂದು ಹನಿ ರಕ್ತ ಬರಲಿಲ್ಲ. ಅಷ್ಟು ಸುಖವಾದ ಬೇಸಿಗೆ ನನಗೆ ಮತ್ತೆ ಸಿಕ್ಕಿಲ್ಲ.

ಹಿರಿಯೂರಿನಲ್ಲಿ ಪಂದ್ಯವಿತ್ತು. ಅವ್ವ ಮೊದಲ ಸಲ ನನ್ನ ಆಟ ನೋಡಲು ಬಂದಿದ್ದಳು. ಅಲ್ಲಿಯವರು ಅತಿಥಿಗಳು ಬರುತ್ತಾರೆಂದು ಅಂಗಳ ಗುಡಿಸಿ, ಧೂಳು ಏಳದಂತೆ ನೀರು ಹೊಡೆದು, ಬಾಗಿಲಲ್ಲಿ ಹಾಕುವಂತೆ ಗೋಲಿನ ಮುಂದೆಯೂ ರಂಗೋಲಿ ಹಾಕಿದ್ದರು. ಒದ್ದೆ ನೆಲ ನೋಡಿ ನಾನು ಹಿಗ್ಗಿದೆ. ಇವತ್ತು ಎರಡು ಮೊಳ ಜಾರಬಹುದು ಎಂದು ಲೆಕ್ಕ ಹಾಕಿದ್ದೆ.

ಮೊದಲ ಚೆಂಡು ಎಡಕ್ಕೆ ಬಂತು. ಪಾದ ತಿರುಗಿಸಿ, ನೂಕಿ, ಮಂಡಿಯೂರಿದೆ. ನೀರು ಕುಡಿದ ಗಂಜಿ ಮತ್ತೆ ಅಂಟಾಯಿತು. ಪ್ಯಾಡು ಅಲ್ಲೇ ಮೆತ್ತಿಕೊಂಡಿತು, ದಾರ ಕಿತ್ತುಹೋಯಿತು, ಬರೀ ಮಂಡಿ ಮುಂದೆ ಹೋಯಿತು. ಗೋಲ್ ಆಯಿತು. ಎಲ್ಲರೂ ನಗುತ್ತಿದ್ದರು. ನನಗೆ ಗೋಲಿಗಿಂತ ಅವ್ವನ ಭಯ. ನೆಲದಿಂದ ಪ್ಯಾಡು ಕಿತ್ತು, ದಾರಕ್ಕೆ ಗಂಟು ಹಾಕಿ, ಉರಿಯುವ ಮಂಡಿಯ ಮೇಲೆ ಸರಸರ ಕಟ್ಟಿಕೊಂಡೆ. ಒಳಗೆ ಬಿಸಿಯಾಗಿ ಇಳಿಯುತ್ತಿದ್ದುದು ನೀರಲ್ಲವೆಂದು ಗೊತ್ತಿತ್ತು.

ಆಮೇಲೆ ಮಂಡಿಯೂರಲೇ ಇಲ್ಲ. ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಕಂಬದಿಂದ ಕಂಬಕ್ಕೆ ನಿಂತೇ ಸರಿದೆ. ಬಂದ ಚೆಂಡನ್ನೆಲ್ಲ ಕಾಲಿಗೋ ಎದೆಗೋ ತಗಲಿಸಿಕೊಂಡೆ. ಮೈಯೆಲ್ಲ ಒದ್ದೆ ಕುರಿಯ ವಾಸನೆ. ಆ ಒಂದೇ ಗೋಲಿನಿಂದ ಸೋತೆವು.

ಅವ್ವ ಸಿಮೆಂಟು ದಾಟಿ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ದಾರ ಬಿಚ್ಚಿದಳು. ಕಂಬಳಿಯ ಒಳಬದಿ ಕೆಂಪಾಗಿತ್ತು. ನನಗೆ ಹಿತ್ತಿಲ ಬಾವಿ ಕಣ್ಣಿಗೆ ಕಟ್ಟಿತು.

ಮೇಷ್ಟ್ರು ಹತ್ತಿ ಹಿಡಿದು ಬಂದರು. "ಏನಮ್ಮ, ರಕ್ತ ಬಂತಾ?"

ಅವ್ವ ಸೆರಗನ್ನು ನನ್ನ ಮಂಡಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು.

"ರಕ್ತ ಎಲ್ಲೈತ್ರೀ ಮೇಷ್ಟ್ರೇ. ಹುಣಸೆಬೀಜದ ಗಂಜಿ ಅದು," ಎಂದಳು. ಅವರು ಅತ್ತ ಹೋದ ಮೇಲೆ, ಸೆರಗು ತೆಗೆಯದೆ, ನನಗಷ್ಟೇ ಕೇಳುವಂತೆ ಹೇಳಿದಳು. "ಮ್ಯಾಲೊಂದು ಗೊಬ್ಬರದ ಚೀಲ ಹೊಲಿದ್ರೆ ನೀರು ಕುಡಿಯಲ್ಲ. ನಾಳೆ ಕುಂತು ಹೊಲಿಯಾಣ."